ಮಳೆಗೆ ಮುಂಚೆ ಟೂಲ್ಸ್ ಕೆಲಸ: ತುಕ್ಕು ತೆಗೆದಾಯ್ತು, ಟೂಲ್ಸ್ ನೇತುಹಾಕುವ ಹಲಗೆ ಅರ್ಧ ಆಗಿದೆ

ಗುಜರಿಯಿಂದ ತಂದ ಹಳೆ ಸ್ಪ್ಯಾನರ್‌ಗಳೆಲ್ಲ ಈಗ ಕೆಲಸಕ್ಕೆ ಬರುವ ಹಾಗಾಗಿವೆ. ನಮ್ಮ ಮಲೆನಾಡಲ್ಲಿ ಜೂನ್ ದಾಟಿದರೆ ಗೋಡೆಯೇ ಬೆವರುತ್ತದೆ, ಕಬ್ಬಿಣದ ಗತಿ ಹೇಳುವುದೇ ಬೇಡ, ಹಾಗಾಗಿ ಮಳೆ ಹಿಡಿಯುವುದರೊಳಗೆ ಇಷ್ಟಾದರೂ ಮುಗಿಯಲೇಬೇಕಿತ್ತು.

ಮೇಲ್ಮೇಲಿನ ತುಕ್ಕಿಗೆ ನಿಂಬೆ ಉಪ್ಪು ಸಾಕು. ಬಿಸಿನೀರಲ್ಲಿ ಕರಗಿಸಿ ನೆನೆಸಿ, ಆಗಾಗ ತೆಗೆದು ತಂತಿ ಬ್ರಷ್‌ನಲ್ಲಿ ಉಜ್ಜಿ. ಜಾಸ್ತಿ ಹೊತ್ತು ಬಿಟ್ಟರೆ ಹುಳಿ ಒಳ್ಳೆ ಕಬ್ಬಿಣವನ್ನೂ ತಿನ್ನುತ್ತದೆ. ಕೊನೆಗೆ ವಾಷಿಂಗ್ ಸೋಡಾ ಕರಗಿಸಿದ ನೀರಲ್ಲಿ ಅದ್ದಿ ತೊಳೆದು ತಕ್ಷಣ ಒಣಗಿಸಿ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಮತ್ತೆ ಕೆಂಪು.

ಪೈಪ್ ರೆಂಚ್ ಮಾತ್ರ ಪದರ ಪದರವಾಗಿ ತುಕ್ಕು ಕಟ್ಟಿತ್ತು. ಅದಕ್ಕೆ ಕರೆಂಟ್ ವಿಧಾನವೇ ಸರಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ಮೈನಸ್ ವೈರ್ ರೆಂಚ್‌ಗೆ, ಪ್ಲಸ್ ವೈರ್ ಒಂದು ಬೇಡದ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ವೈರ್ ಅದಲುಬದಲಾದರೆ ಟೂಲೇ ಸವೆಯುತ್ತದೆ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಖಂಡಿತ ಬೇಡ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಅಂಗಳದಲ್ಲೇ ಮಾಡಿ, ಹತ್ತಿರ ಬೆಂಕಿ ಇರಬಾರದು.

ರಾಶಿಯಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಒಂದು ದಪ್ಪನೆ ಸ್ಪ್ಯಾನರ್. ಒಂದೇ ಬಾಯಿಯ ಹತ್ತಿರ 1/4 ಡಬ್ಲ್ಯೂ, 5/16 ಬಿಎಸ್‌ಎಫ್ ಅಂತ ಎರಡೂ ಕೆತ್ತಿದೆ. ಇದು ಇಂಚಿನ ವಿಟ್‌ವರ್ತ್ ಅಳತೆ, ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಮರೆಯ (ಬೋಲ್ಟ್‌ನ ಸುತ್ತುಗೆರೆ, ಥ್ರೆಡ್) ಲೆಕ್ಕದಿಂದ ಬಂದದ್ದು. ಡಬ್ಲ್ಯೂ ಅಂದರೆ ವಿಟ್‌ವರ್ತ್, ಬಿಎಸ್‌ಎಫ್ ಅಂದರೆ ಒತ್ತೊತ್ತು ಮರೆಯ ಬ್ರಿಟಿಷ್ ಬೋಲ್ಟ್. ಇಲ್ಲಿ ನಂಬರ್ ಹೇಳುವುದು ಬೋಲ್ಟ್‌ನ ದಪ್ಪವನ್ನು, ತಲೆಯ ಅಗಲವನ್ನಲ್ಲ. ಬಾಯಿ ಸುಮಾರು 13.3 ಮಿ.ಮೀ., ಅಂದರೆ ಇಂಥ ಬೋಲ್ಟ್ ತಲೆಗೆ 13ರ ಸ್ಪ್ಯಾನರ್ ಹಿಡಿಯುವುದಿಲ್ಲ, 14ರದ್ದು ಜಾರಿ ತಲೆಯ ಮೂಲೆ ತಿನ್ನುತ್ತದೆ. ಹಳೆ ಬುಲೆಟ್‌ಗಳಲ್ಲಿ ಎಷ್ಟೋ ಬೋಲ್ಟ್ ತಲೆ ಉರುಟಾಗಿರುತ್ತವಲ್ವಾ, ಅದಕ್ಕೆ ಇದೂ ಒಂದು ಕಾರಣ. ಇಂಥದ್ದು ಕಂಡರೆ ಬಿಡಬೇಡಿ.

ಎಣ್ಣೆ ವಿಷಯಕ್ಕೆ ಬಂದರೆ, ನಾನು ಹಚ್ಚುವುದು ಹೊಲಿಗೆ ಮಿಷನ್ ಎಣ್ಣೆ, ಬಟ್ಟೆಯಲ್ಲಿ ತೆಳ್ಳಗೆ. ನಮ್ಮ ಕಡೆ ಕೊಬ್ಬರಿ ಎಣ್ಣೆ ಹಚ್ಚುವವರು ಬಹಳ ಜನ. ಅದು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟು, ಮೇಲೆ ಧೂಳು ಬೇರೆ. ಎಂಜಿನ್‌ನಿಂದ ಇಳಿಸಿದ ಕರಿ ಆಯಿಲ್ ಕೂಡ ಬೇಡ, ಅದರಲ್ಲಿ ಆಮ್ಲ ಸೇರಿರುತ್ತದೆ.

ಹಲಗೆ ಅರ್ಧ ಆಗಿದೆ. ಪ್ಲೈವುಡ್ ಮೇಲೆ ಪ್ರತಿ ಟೂಲ್ ಇಟ್ಟು ಸುತ್ತ ಗೆರೆ ಎಳೆದು ಒಳಗೆ ಬಣ್ಣ ತುಂಬುತ್ತಿದ್ದೇನೆ, ಒಂದು ಕಾಣೆಯಾದರೂ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಗೊತ್ತಾಗುತ್ತದೆ. ದಿನಾ ಬೇಕಾಗುವ 10-11, 12-13 ರಿಂಗ್ ಸ್ಪ್ಯಾನರ್ ಎದೆಮಟ್ಟಕ್ಕೆ, 20-22 ಮೇಲಕ್ಕೆ.

ಇನ್ನು ಉಳಿದಿರುವುದು ಅರಗಳು. ಒಂದರ ಮೇಲೊಂದು ಬಿದ್ದರೆ ಹಲ್ಲು ಹೋಗುತ್ತವೆ, ಹಾಗಾಗಿ ದಪ್ಪ ಬಟ್ಟೆಯಲ್ಲಿ ಒಂದೊಂದಕ್ಕೂ ಬೇರೆ ಜೇಬು ಹೊಲಿಸಲು ಟೈಲರ್‌ಗೆ ಅಳತೆ ಕೊಟ್ಟಿದ್ದೇನೆ.