ಶನಿವಾರ ನನಗೆ ಲಾಂಗ್ ಡೇ

ಗುರುವಾರ ಬೆಳಿಗ್ಗೆ ವಾರ್ಡಿಗೆ ಹೋದವಳು ಕೋಟು ಬಿಚ್ಚುವ ಮೊದಲೇ ರೋಟಾ, ಅಂದರೆ ಡ್ಯೂಟಿ ಪಟ್ಟಿ ನೋಡಿದೆ. ಶನಿವಾರ ನಮ್ಮ ವಾರ್ಡಿನ ಹುಡುಗನ ಹೆಸರಿನ ಮುಂದೆ ಲಾಂಗ್ ಡೇ ಅಂತ ಇತ್ತು. ಬೆಳಿಗ್ಗೆ ಏಳರಿಂದ ರಾತ್ರಿ ಏಳೂವರೆಯವರೆಗೆ. ನನ್ನ ಹೆಸರಿನ ಮುಂದೆ ರಜೆ. ನಮ್ಮೂರ ರಗ್ಬಿ ತಂಡ ಕಪ್ ಕ್ವಾರ್ಟರ್ ಫೈನಲ್ ಗೆದ್ದ ಮರುದಿನವೇ ಕೇಳಿ ಇಟ್ಟುಕೊಂಡಿದ್ದ ರಜೆ ಅದು.

ಅವನು ನಮ್ಮ ವಾರ್ಡಿನಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್. ನಾನು ನರ್ಸ್. ನಾವಿಬ್ಬರೂ ಒಂದೇ ಊರಿನವರು. ಊರು ಅಂದರೆ ಪುತ್ತೂರಿನ ಹತ್ತಿರದ ನನ್ನ ತವರೂರಲ್ಲ. ಬ್ರಿಟನ್ನಿನ ಸೌತ್ ವೇಲ್ಸ್‌ನ ರೊಂದಾ ಫಾಖ್ ಕಣಿವೆಯ ಒಂದು ಹಳ್ಳಿ. ಗುಡ್ಡದ ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ಉದ್ದ ಸಾಲು, ಕೆಳಗೆ ಹೊಳೆ, ಹೊಳೆಯ ಪಕ್ಕ ರಗ್ಬಿ ಮೈದಾನ. ಮಳೆಯ ವಿಷಯದಲ್ಲಿ ನಮ್ಮ ಕರಾವಳಿಗೇನೂ ಕಮ್ಮಿ ಇಲ್ಲ. ಆದರೆ ಇಲ್ಲಿಯದು ತಣ್ಣಗೆ, ಸಣ್ಣಗೆ, ದಿನಗಟ್ಟಲೆ ಸುರಿಯುವ ಮಳೆ.

ಎಂಟು ವರ್ಷದ ಹಿಂದೆ ಈ ಊರಿಗೆ ಬಂದಾಗ ನನಗೆ ರಗ್ಬಿಯ ಗಂಧಗಾಳಿ ಇರಲಿಲ್ಲ. ಪಕ್ಕದ ಮನೆಯವರು ಒಂದು ಶನಿವಾರ ಕರೆದುಕೊಂಡು ಹೋದರು. ಮೊದಲ ಹತ್ತು ನಿಮಿಷ ಏನೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬ ಹುಡುಗ ಚೆಂಡು ಹಿಡಿದು ಓಡಿದ. ಇಬ್ಬರು ಅವನ ಸೊಂಟಕ್ಕೆ ಬಿದ್ದು ಕೆಡವಿದರು. ನನಗೆ ತಟ್ಟನೆ ನಮ್ಮೂರ ಕಬಡ್ಡಿ ನೆನಪಾಯಿತು. ಶಾಲೆಯ ಅಂಗಳದಲ್ಲಿ ಟ್ಯೂಬ್‌ಲೈಟ್ ಕಟ್ಟಿ ರಾತ್ರಿಯಿಡೀ ಆಡಿಸುತ್ತಿದ್ದ ಪಂದ್ಯಗಳು. ನನ್ನ ಅಣ್ಣ ಹೀಗೇ ಎದುರಾಳಿಯ ಕಾಲಿಗೆ ಬೀಳುತ್ತಿದ್ದ. ಅವತ್ತಿನಿಂದ ಶನಿವಾರ ಡ್ಯೂಟಿ ಇಲ್ಲದಿದ್ದರೆ ನಾನು ಮೈದಾನದಲ್ಲೇ.

ಈ ಸಲ ಲೀಗ್‌ನಲ್ಲಿ ನಮ್ಮದು ಕಷ್ಟದ ವರ್ಷ. ಸೆಪ್ಟೆಂಬರ್‌ನಲ್ಲಿ ಸೀಸನ್ ಶುರುವಾದಾಗ ಮೊದಲ ನಾಲ್ಕು ಪಂದ್ಯ ಸಾಲಾಗಿ ಸೋತೆವು. ಎರಡು ಸಲವಂತೂ ಏಳಕ್ಕಿಂತ ಕಡಿಮೆ ಅಂತರದಲ್ಲಿ ಸೋತು, ಅದಕ್ಕೆ ಸಿಗುವ ಒಂದು ಬೋನಸ್ ಅಂಕ ಹಿಡಿದುಕೊಂಡು ಮನೆಗೆ ಬಂದೆವು. ಡಿಸೆಂಬರ್‌ನಲ್ಲಿ ಹದಿನೈದು ಜನ ಸೇರಿಸುವುದೇ ಸಾಹಸವಾಗಿತ್ತು. ಒಬ್ಬ ಗೋದಾಮಿನಲ್ಲಿ ನೈಟ್ ಶಿಫ್ಟ್, ಒಬ್ಬ ಕಟ್ಟಡದ ಕೆಲಸಕ್ಕೆ ಬ್ರಿಸ್ಟಲ್‌ಗೆ ಹೋದವನು, ಒಬ್ಬನ ಹೆಂಡತಿಗೆ ಹೆರಿಗೆ. ಆಡುವ ಯಾರಿಗೂ ಇದರಿಂದ ಸಂಬಳ ಇಲ್ಲ ಅಲ್ವಾ? ಕೆಲಸ ಮೊದಲು, ಆಟ ಆಮೇಲೆ.

ಆದರೆ ಕಪ್ ಪಂದ್ಯಗಳಲ್ಲಿ ಇದೇ ತಂಡ ಬೇರೆಯೇ ಆಗಿಬಿಟ್ಟಿತು. ಇಲ್ಲಿ ನಮ್ಮಂಥ ಕೆಳಗಿನ ಡಿವಿಷನ್‌ಗಳಿಗೂ ಬೇರೆ ಬೇರೆ ಕಪ್ ಇದೆ. ಫೈನಲ್ ನಡೆಯುವುದು ಕಾರ್ಡಿಫ್‌ನ ಪ್ರಿನ್ಸಿಪಾಲಿಟಿ ಸ್ಟೇಡಿಯಂನಲ್ಲಿ. 1999ರಲ್ಲಿ ತೆರೆದ, ಮುಚ್ಚುವ ಚಾವಣಿಯ, 74,000 ಜನ ಕೂರುವ ಸ್ಟೇಡಿಯಂ. ವೇಲ್ಸ್ ದೇಶದ ತಂಡ ಆಡುವ ಅದೇ ಹುಲ್ಲು. ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಹುಡುಗ ಒಂದು ಮಧ್ಯಾಹ್ನ ಆ ಹುಲ್ಲಿನ ಮೇಲೆ ಓಡಬಹುದು. ನಮಗೂ ಅದಕ್ಕೂ ನಡುವೆ ಈಗ ಉಳಿದಿರುವುದು ಒಂದೇ ಪಂದ್ಯ, ಶನಿವಾರದ ಸೆಮಿಫೈನಲ್.

ನಮ್ಮ ಬಲ ಇರುವುದು ಸ್ಕ್ರಮ್‌ನಲ್ಲಿ. ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ದೂಡುವುದು. ನಮ್ಮ ಕಿಟ್ ನೋಡಿಕೊಳ್ಳುವ ಹಿರಿಯರು ಮಾರ್ಡಿ ಗಣಿಯಲ್ಲಿ ಕಲ್ಲಿದ್ದಲು ತೆಗೆಯುತ್ತಿದ್ದವರು. ಒಂದು ವರ್ಷದ ಮುಷ್ಕರ ಮುರಿದು ಬಿದ್ದಾಗ, 1985ರ ಮಾರ್ಚ್‌ನಲ್ಲಿ, ಬ್ಯಾಂಡ್ ಬಾರಿಸುತ್ತ ಬಾವುಟ ಹಿಡಿದು ಗಣಿಗೆ ವಾಪಸ್ ನಡೆದವರಲ್ಲಿ ಇವರೂ ಒಬ್ಬರು. 1990ರ ಡಿಸೆಂಬರ್‌ನಲ್ಲಿ ಆ ಗಣಿಯೂ ಮುಚ್ಚಿತು. ರೊಂದಾದ ಕೊನೆಯ ಆಳದ ಗಣಿ ಅದು. "ಹಿಂದೆ ವೇಲ್ಸ್ ತಂಡಕ್ಕೆ ಗಟ್ಟಿ ಆಳು ಬೇಕಾದರೆ ರೊಂದಾಕ್ಕೆ ಬರುತ್ತಿದ್ದರು. ಸ್ಕ್ರಮ್‌ನಲ್ಲಿ ದೂಡುವ ಇಲ್ಲಿನ ಆಳಿಗೆ ರೊಂದಾ ಫಾರ್ವರ್ಡ್ ಅಂತಲೇ ಹೆಸರಿತ್ತು. ವಾರವಿಡೀ ಕೆಳಗೆ ಕಲ್ಲಿದ್ದಲು ಕಡಿದವನಿಗೆ ಶನಿವಾರ ಎಂಟು ಜನರನ್ನು ದೂಡುವುದೇನು ಕಷ್ಟ?" ಅನ್ನುತ್ತಾರೆ ಅವರು. ಗಣಿ ಹೋಯಿತು, ಪ್ರಾರ್ಥನಾ ಮಂದಿರಗಳು ಒಂದೊಂದಾಗಿ ಫ್ಲಾಟ್ ಆದವು. ಊರಿನವರೆಲ್ಲ ಒಂದೇ ಕಡೆ ಸೇರುವ ಜಾಗ ಅಂತ ಈಗ ಇರುವುದು ಈ ಕ್ಲಬ್ ಒಂದೇ. ಹುಟ್ಟುಹಬ್ಬ ಇಲ್ಲೇ, ಶವಸಂಸ್ಕಾರದ ನಂತರದ ಚಹಾ ಇಲ್ಲೇ. ಕೋವಿಡ್ ಕಾಲದಲ್ಲಿ ನಾನು ಡ್ಯೂಟಿ ಮುಗಿಸಿ ಬಂದಾಗ ಬಾಗಿಲಲ್ಲಿ ಊಟದ ಡಬ್ಬಿ ಇಟ್ಟು ಹೋಗುತ್ತಿದ್ದವರು ಈ ಕ್ಲಬ್ಬಿನ ಹೆಂಗಸರು. ಅದನ್ನು ನಾನು ಮರೆಯುವುದಿಲ್ಲ.

ಸ್ಕ್ರಮ್‌ನ ನಟ್ಟ ನಡುವೆ ನಿಲ್ಲುವವನು ಹುಕರ್. ಎರಡು ಕಡೆ ಇಬ್ಬರು ಪ್ರಾಪ್‌ಗಳ ಹೆಗಲಿಗೆ ಕೈ ಹಾಕಿ, ಕಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆಯುವುದು ಅವನ ಕೆಲಸ. ಲೈನ್ಔಟ್‌ನಲ್ಲಿ ಚೆಂಡು ಎಸೆಯುವವನೂ ಸಾಮಾನ್ಯವಾಗಿ ಅವನೇ. ಲೈನ್ಔಟ್ ಅಂದರೆ ಚೆಂಡು ಪಕ್ಕದ ಗೆರೆ ದಾಟಿದಾಗ ಎರಡೂ ತಂಡದವರು ಸಾಲಾಗಿ ನಿಂತು, ಒಳಗೆ ಎಸೆದ ಚೆಂಡಿಗೆ ಹಾರುವುದು. ಮುಂದಿನ ಸಾಲಿನ ಈ ಮೂರು ಜಾಗಕ್ಕೆ ಯಾರನ್ನೋ ಸುಮ್ನೆ ನಿಲ್ಲಿಸುವಂತಿಲ್ಲ. ಕುತ್ತಿಗೆಗೆ ಅಪಾಯ. ಪಳಗಿದವರು ಇಲ್ಲ ಅಂದರೆ ರೆಫರಿ ದೂಡುವಂತಿಲ್ಲದ ಸ್ಕ್ರಮ್ ಮಾಡಿಸುತ್ತಾರೆ. ಹಾಗಾದರೆ ನಮ್ಮ ಬಲವೇ ಹೋದಂತೆ.

ನಮ್ಮ ಮೊದಲ ಹುಕರ್ ಈಗ ಆಡುವಂತಿಲ್ಲ. ಅದಕ್ಕೆ ಕಾರಣ ನಾನು.

ಹೋದ ಶನಿವಾರದ ಹಿಂದಿನ ಶನಿವಾರ ಲೀಗ್ ಪಂದ್ಯ ಇತ್ತು. ಕೊನೆಯ ಐದು ನಿಮಿಷದಲ್ಲಿ ಅವನು ಒಬ್ಬನನ್ನು ಕೆಡವಲು ಹೋಗಿ ತಲೆ ಮೊಣಕಾಲಿಗೆ ತಾಗಿತು. ಎದ್ದ, ಆಡಿದ. ಯಾರಿಗೂ ಏನೂ ಅನ್ನಿಸಲಿಲ್ಲ. ಪಂದ್ಯ ಮುಗಿದ ಮೇಲೆ ಎರಡೂ ತಂಡಕ್ಕೆ ಊಟ ಹಾಕುವುದು ಇಲ್ಲಿನ ಪದ್ಧತಿ. ಅಡುಗೆಮನೆಯಲ್ಲಿ ನಾನು ಬಡಿಸುತ್ತಿದ್ದೆ. ಈಗ ಎರಡು ವರ್ಷದಿಂದ ನಮ್ಮ ಮೈದಾನದ ಪಂದ್ಯಗಳಿಗೆ ನನ್ನ ಕೋಳಿ ಸಾರೇ. ಬ್ಯಾಡಗಿ ಮೆಣಸು, ಕೊತ್ತಂಬರಿ ಹುರಿದು ಅರೆದು, ಕಾಯಿಹಾಲು ಹಾಕಿ ಮಾಡುವುದು. ಅದರ ಜೊತೆ ವೇಲ್ಸ್‌ನವರ ಅಚ್ಚುಮೆಚ್ಚಿನ ಹಾಫ್ ಅಂಡ್ ಹಾಫ್, ಅರ್ಧ ಅನ್ನ ಅರ್ಧ ಚಿಪ್ಸ್. ಅವನು ತಟ್ಟೆ ಹಿಡಿದು ಬಂದು ಕೇಳಿದ, "ಇವತ್ತು ತೆಂಗಿನಕಾಯಿ ಹಾಕಿದ್ದೀರಾ?" ಹೌದು ಅಂದೆ. ಚಿಪ್ಸ್ ಹಾಕುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಮುಖ ನೋಡಿದೆ. ಮೂರನೇ ಸಲ ಕೇಳಿದಾಗ ಸೌಟು ಕೆಳಗಿಟ್ಟೆ. ಸ್ಕೋರ್ ಎಷ್ಟು ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಕೋಚ್‌ಗೆ ಹೇಳಿದೆ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕನ್‌ಕಷನ್, ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ. 2023ರಿಂದ ಬ್ರಿಟನ್‌ನಲ್ಲಿ ಊರ ಮಟ್ಟದ ಆಟಗಳಿಗೆಲ್ಲ ಒಂದೇ ಸೂಚನೆ ಇದೆ. ಅನುಮಾನ ಬಂದರೂ ಸಾಕು, ಆ ಕ್ಷಣವೇ ಆಟ ಬಿಡಬೇಕು, 21 ದಿನದ ಒಳಗೆ ಪಂದ್ಯ ಆಡುವ ಹಾಗಿಲ್ಲ. ಸೆಮಿಫೈನಲ್‌ಗೆ ಆಗುವುದು 14 ದಿನ. ಅವನಿಗೆ ಮೂವತ್ತಮೂರು ವರ್ಷ, ಹದಿನೈದು ವರ್ಷದಿಂದ ಈ ಕ್ಲಬ್ಬಿಗೆ ಆಡುತ್ತಿದ್ದಾನೆ. ಇಂಥ ಪಂದ್ಯ ಅವನಿಗೆ ಮತ್ತೆ ಸಿಗುತ್ತದೋ ಇಲ್ಲವೋ. ಆಮೇಲೆ ಒಂದು ದಿನ ಅಂಗಡಿಯಲ್ಲಿ ಎದುರಾದ. ತಲೆ ತಗ್ಗಿಸಿ ಆಚೆ ಹೋದ. ಮಾಡಿದ್ದು ಸರಿ ಅಂತ ನನಗೆ ಗೊತ್ತು. ತಲೆಗೆ ಎರಡನೇ ಪೆಟ್ಟು ಬಿದ್ದರೆ ಏನಾಗಬಹುದು ಅನ್ನುವುದೂ ಗೊತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಈಗ ಉಳಿದ ಹುಕರ್ ಅಂದರೆ ನಮ್ಮ ವಾರ್ಡಿನ ಹುಡುಗ. ವಯಸ್ಸು ಇಪ್ಪತ್ತೊಂದು. ಡ್ಯೂಟಿ ಬದಲಿಸಿಕೊಳ್ಳಲು ವಾರವಿಡೀ ಎಲ್ಲರನ್ನೂ ಕೇಳಿದ್ದ. ಒಬ್ಬಳಿಗೆ ಮಗಳ ಹುಟ್ಟುಹಬ್ಬ, ಇನ್ನೊಬ್ಬ ಊರಲ್ಲಿಲ್ಲ, ಮತ್ತೊಬ್ಬಳಿಗೆ ಅದೇ ದಿನ ನೈಟ್. ಗುರುವಾರ ಹನ್ನೊಂದು ಗಂಟೆಗೆ ಚಹಾ ಬಿಡುವಿನಲ್ಲಿ ಅವನು ಹೇಳಿದ, "ಸಂಜೆ ಕೋಚ್‌ಗೆ ಆಗಲ್ಲ ಅಂತ ಹೇಳಿಬಿಡ್ತೀನಿ." ಸಿಟ್ಟಿಲ್ಲ, ಬೇಜಾರು ಅಷ್ಟೆ. ಹೇಳಿ ಎದ್ದು ಹೋಗಿ ಆರನೇ ಬೆಡ್ಡಿನ ಅಜ್ಜನಿಗೆ ನೀರು ಕುಡಿಸಿದ.

ನಾನು ಮ್ಯಾನೇಜರ್ ಹತ್ತಿರ ಹೋಗಿ ಶನಿವಾರದ ಅವನ ಡ್ಯೂಟಿ ನನಗೆ ಹಾಕಿ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೀನು ಮ್ಯಾಚಿಗೆ ಅಂತ ರಜೆ ತಗೊಂಡವಳಲ್ವಾ?" ಹೌದು ಅಂದೆ. ಇನ್ನೇನೂ ಕೇಳದೆ ಬದಲಿಸಿದರು.

ಸಂಜೆ ಏಳಕ್ಕೆ ಪ್ರಾಕ್ಟೀಸ್. ಮಳೆ ಹನಿಯುತ್ತಿತ್ತು. ಮೈದಾನದ ನಾಲ್ಕು ದೀಪಗಳಲ್ಲಿ ಒಂದು ಜನವರಿಯಿಂದ ಕೆಟ್ಟಿದೆ. ರಿಪೇರಿಗೆ ದುಡ್ಡು ಕೂಡಿಸುತ್ತಿದ್ದಾರೆ. ದೂರದ ಮೂಲೆಯಲ್ಲಿ ಅರೆಗತ್ತಲೆ. ಅಲ್ಲಿ ಇಬ್ಬರು ನಿಂತಿದ್ದರು. ಹತ್ತಿರ ಹೋದ ಮೇಲೆ ಯಾರು ಅಂತ ಗೊತ್ತಾಯಿತು. ಒಬ್ಬ ನಮ್ಮ ವಾರ್ಡಿನ ಹುಡುಗ. ಇನ್ನೊಬ್ಬ ಪೆಟ್ಟು ತಿಂದ ಹುಕರ್, ಜೀನ್ಸ್ ಪ್ಯಾಂಟು, ಮಳೆಕೋಟಿನಲ್ಲಿ. ಗೋಲ್ ಕಂಬದ ಮೇಲೆ ಎತ್ತರದಲ್ಲಿ ಬಿಳಿ ಟೇಪ್ ಸುತ್ತಿದ್ದರು. ಹುಡುಗ ಎರಡೂ ಕೈಯಿಂದ ಚೆಂಡು ತಲೆಯ ಹಿಂದೆ ಹಿಡಿದು ಆ ಟೇಪಿಗೆ ಎಸೆಯಬೇಕು. ಒದ್ದೆ ಚೆಂಡು ಜಾರುತ್ತಿತ್ತು. "ಬೆರಳು ಇನ್ನೂ ಅಗಲ ಮಾಡು, ಬಟ್. ತೋಳಿನಿಂದ ಬೇಡ, ಹೊಟ್ಟೆಯಿಂದ ಎಸಿ," ಅನ್ನುತ್ತಿದ್ದ ಪೆಟ್ಟು ತಿಂದವನು. ಬಟ್ ಅಂದರೆ ಈ ಕಣಿವೆಗಳಲ್ಲಿ ಗೆಳೆಯ ಅಂತ. ಚೆಂಡು ಕಂಬಕ್ಕೆ ತಾಗದೆ ಬೇಲಿಯಾಚೆ ಹೋದಾಗಲೆಲ್ಲ ತಾನೇ ಹೋಗಿ ತರುತ್ತಿದ್ದ. ನಾನು ಇಪ್ಪತ್ತು ನಿಮಿಷ ಅಲ್ಲೇ ನಿಂತೆ. ಕೊನೆ ಕೊನೆಗೆ ಹತ್ತರಲ್ಲಿ ಏಳು ಟೇಪಿಗೇ ಬಡಿಯುತ್ತಿತ್ತು.

ಪ್ರಾಕ್ಟೀಸ್ ಮುಗಿದ ಮೇಲೆ ಕೋಚ್ ಕ್ಲಬ್ ಕೋಣೆಯಲ್ಲಿ ತಂಡ ಓದಿದರು. ಎರಡನೇ ನಂಬರ್ ಜೆರ್ಸಿಗೆ ಹುಡುಗನ ಹೆಸರು ಬಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು ಯಾರು ಅಂತ ಹೇಳಬೇಕಾಗಿಲ್ಲ. ಕಿಟ್ ಹಿರಿಯರು ಜೆರ್ಸಿಗಳನ್ನು ಎಣಿಸಿ ಚೀಲಕ್ಕೆ ಹಾಕುತ್ತಿದ್ದರು, ಒಂದೊಂದನ್ನೂ ಮಡಿಸಿ, ಶಾಲೆಗೆ ಹೋಗುವ ಮಕ್ಕಳ ಬಟ್ಟೆ ಮಡಿಸಿದ ಹಾಗೆ.

ನಾನು ಪಾತ್ರೆ ತೊಳೆಯುತ್ತಿದ್ದೆ. ಪೆಟ್ಟು ತಿಂದ ಹುಕರ್ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ನೀವು ಬರಲ್ವಂತೆ ಶನಿವಾರ."

"ಡ್ಯೂಟಿ ಇದೆ."

"ಗೊತ್ತಾಯ್ತು. ಹುಡುಗ ಹೇಳಿದ." ಸ್ವಲ್ಪ ಹೊತ್ತು ಸುಮ್ಮನಿದ್ದ. ಟವೆಲ್ ತೆಗೆದುಕೊಂಡು ನಾನು ತೊಳೆದಿಟ್ಟ ತಟ್ಟೆ ಒರೆಸತೊಡಗಿದ. "ನಿಮ್ಮ ಬ್ರೇಕ್ ಎಷ್ಟು ಗಂಟೆಗೆ?"

ಮೂರೂಕಾಲಿಗೆ ಅಂದೆ. ಪಂದ್ಯ ಶುರುವಾಗುವುದು ಎರಡೂವರೆಗೆ, ಅರ್ಧ ಮುಗಿಯುವ ಹೊತ್ತಿಗೆ ಸರಿಯಾಗಿ ಮೂರೂಕಾಲು.

"ನಾನು ಗೆರೆಯ ಪಕ್ಕದಲ್ಲೇ ಇರ್ತೀನಿ. ಪ್ರತಿ ಟ್ರೈಗೂ ಮೆಸೇಜ್ ಹಾಕ್ತೀನಿ. ಪ್ರತಿ ಲೈನ್ಔಟ್‌ಗೂ ಬೇಕಾದರೆ ಹಾಕ್ತೀನಿ."

ಟ್ರೈ ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ನೆಲಕ್ಕೆ ತಾಗಿಸಿ ಅಂಕ ಗಳಿಸುವುದು. ಹಾಕು ಅಂದೆ. ತಟ್ಟೆಗಳೆಲ್ಲ ಒರೆಸಿ ಮುಗಿಸಿಯೇ ಅವನು ಹೋದದ್ದು.

ಇದನ್ನು ಬರೆಯುತ್ತಿರುವುದು ಶುಕ್ರವಾರ ರಾತ್ರಿ. ದೊಡ್ಡ ಪಾತ್ರೆ ಎರಡರಲ್ಲಿ ಸಾರು ಕುದಿದು ಆರುತ್ತಿದೆ. ನಾಳೆ ಗೆದ್ದರೂ ಸೋತರೂ ಬಸ್ಸು ಸಂಜೆ ಕ್ಲಬ್ಬಿಗೇ ವಾಪಸ್ ಬರುತ್ತದೆ, ಎಲ್ಲರಿಗೂ ಹಸಿವಾಗಿರುತ್ತದೆ. ಕಿಟ್ ಹಿರಿಯರು ಬೆಳಿಗ್ಗೆ ಆರಕ್ಕೆ ಬಂದು ಪಾತ್ರೆ ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ನಾನು ಆರೂಕಾಲಿಗೆ ಹೊರಡಬೇಕು. ಫೋನ್ ಚಾರ್ಜಿಗೆ ಹಾಕಿದ್ದೇನೆ.