ಮಧೂರಿನ ಅಪ್ಪ, ಒಳಗೆ ಬಾರದ ಮಾವ

ಮೊನ್ನೆ ಸಂಕಷ್ಟಿಗೆ ಕಾಸರಗೋಡಿನ ಹತ್ರದ ಮಧೂರು ದೇವಸ್ಥಾನಕ್ಕೆ ಹೋಗಿ ಬಂದೆ. ಕೈಯಲ್ಲಿ ಇನ್ನೂ ಅಪ್ಪದ ವಾಸನೆ ಉಂಟು, ಬೆಲ್ಲ ಬಾಳೆಹಣ್ಣು ತುಪ್ಪ ಎಲ್ಲ ಸೇರಿದ ಆ ವಾಸನೆ, ಸಾಬೂನು ಹಾಕಿ ತೊಳೆದ್ರೂ ಹೋಗ್ಲಿಲ್ಲ, ಹೋಗುದೂ ಬೇಡ. ಆ ವಾಸನೆ ಬಂದ್ರೆ ನನಗೆ ಗಣಪತಿಗಿಂತ ಮೊದಲು ಅಜ್ಜಿಯ ನೆನಪಾಗುದು, ಬೊಡ್ಡಜ್ಜ, ಅದೇ ನಮ್ಮ ಮಧೂರಿನ ಗಣಪತಿ, ಕ್ಷಮಿಸಲಿ.

ಅಜ್ಜಿ ಸಂಕಷ್ಟಿ ದಿನ ಚಂದ್ರನನ್ನು ಕಾಣದೆ ಒಂದು ತೊಟ್ಟು ನೀರೂ ಕುಡಿಯದವರು. ಅವರನ್ನು ಮಧೂರಿಗೆ ಕರ್ಕೊಂಡು ಹೋಗ್ತಿದ್ದದ್ದು ಯಾರು ಹೇಳಿ? ನನ್ನ ಸೋದರಮಾವ, ಅಪ್ಪಟ ನಾಸ್ತಿಕ. ಶಾಲೆಯಲ್ಲಿ ಕನ್ನಡ ಮೇಷ್ಟ್ರು, ದೇವರಿಲ್ಲ ಅಂತ ಇಡೀ ಊರಿಗೇ ಗೊತ್ತಿರುವ ಹಾಗೆ ಹೇಳಿದವರು. ಬಸ್ಸಿನಲ್ಲಿ ಅಜ್ಜಿಗೆ ಸೀಟು ಹಿಡಿದು, ಮಧುವಾಹಿನಿ ಹೊಳೆಯ ಹತ್ರ ಇಳಿಸಿ, ಅಜ್ಜಿಯ ಚಪ್ಪಲಿ ಪಕ್ಕದಲ್ಲಿಟ್ಟುಕೊಂಡು ಹೊರಗೆ ಪೇಪರ್ ಓದ್ತಾ ಕೂರುದು. ಒಂದು ದಿನವೂ ಒಳಗೆ ಬಂದವರಲ್ಲ, ಅಜ್ಜಿ ಒಂದು ದಿನವೂ ಬಾ ಅಂದವರಲ್ಲ. "ನನ್ನ ಚಪ್ಪಲಿ ಕಾಯ್ಲಿಕ್ಕೂ ಒಂದು ಜನ ಬೇಕಲ್ಲ" ಅಂತ ನಗ್ತಿದ್ರು ಅಷ್ಟೆ. ದರ್ಶನ ಮುಗಿಸಿ ಬಂದು ಬಾಳೆಲೆಯಲ್ಲಿ ಸುತ್ತಿದ ಅಪ್ಪ ಮಗನ ಕೈಗೆ ಕೊಡುವಾಗ "ಪ್ರಸಾದ ಅಂತ ಬೇಡ, ತಿಂಡಿ ಅಂತ ತಿನ್ನು" ಅನ್ನುದು. ಮಾವ ಬಾಯಿಗೆ ಹಾಕಿಕೊಂಡು "ಬೆಲ್ಲ ಸ್ವಲ್ಪ ಕಮ್ಮಿಯಾಯ್ತು" ಅನ್ನುದು. ಇದೇ ಮಾತು, ವರ್ಷಾನುಗಟ್ಲೆ.

ಒಮ್ಮೆ ಮಾವ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ್ರು. ನಾನು ಆಗ ಕಾಲೇಜಿಗೆ ಹೋಗ್ತಿದ್ದೆ, ಬಾಯಿ ಸುಮ್ಮನಿರದ ಪ್ರಾಯ, "ಬಾಗಿಲವರೆಗೆ ಹೋಗಿ ಕೈಮುಗಿಯದೆ ಬಂದ್ರೆ ಇನ್ನೆಂತ ಆಗುದು" ಅಂದುಬಿಟ್ಟೆ. ಮಾವ ಎಂತ ಹೇಳ್ಲಿಲ್ಲ, ಪ್ಲಾಸ್ಟರ್ ಹಾಕಿದ ಕಾಲು ನೋಡ್ತಾ ಇದ್ರು. ಅಜ್ಜಿಗೆ ಬಂದ ಸಿಟ್ಟು ಮಾತ್ರ ನಾನು ಅದಕ್ಕೆ ಮೊದಲೂ ನೋಡ್ಲಿಲ್ಲ ಆಮೇಲೂ ನೋಡ್ಲಿಲ್ಲ. "ನನ್ನ ಗಣಪತಿ ಕಾಲು ಮುರಿಯುವವನಾ? ನೀನು ಬೈದದ್ದು ಮಾವನಿಗಲ್ಲ, ದೇವರಿಗೆ. ಹೋಗು, ಮೊದಲು ಮಾವನ ಹತ್ರ ತಪ್ಪಾಯ್ತು ಹೇಳು, ಮತ್ತೆ ದೀಪ ಹಚ್ಚು." ಆ ದಿನ ದೀಪ ಹಚ್ಚುವಾಗ ನನ್ನ ಕೈ ನಡುಗಿದ್ದು ಈಗಲೂ ನೆನಪುಂಟು.

ಮಾವನೂ ಹಾಗೇ. ಅವರ ಪಾರ್ಟಿಯ ಒಬ್ಬ ಹುಡುಗ ಮನೆಗೆ ಬಂದವ ಗಣಪತಿಯ ಹೊಟ್ಟೆಯ ಬಗ್ಗೆ ಎಂತದೋ ಜೋಕ್ ಶುರು ಮಾಡಿದ್ದೇ, "ಅಮ್ಮ ಉಪವಾಸದಲ್ಲಿದ್ದಾರೆ, ಅದೆಲ್ಲ ಇಲ್ಲಿ ಬೇಡ" ಅಂತ ಅಲ್ಲಿಗೇ ನಿಲ್ಲಿಸಿದ್ರು.

ಹಾಗಂತ ಮಾವ ವಾದ ಮಾಡದವರಲ್ಲ. ಅಜ್ಜಿ ಹೇಳುವ ಮಾದರುವಿನ ಕಥೆ ನಿಮಗೆಲ್ಲ ಗೊತ್ತುಂಟಲ್ಲ, ಮೊಗೇರ ಎಂಬ ದಲಿತ ಜಾತಿಯ ಹೆಂಗಸು ಹುಲ್ಲು ಕೊಯ್ಯುವಾಗ ಕತ್ತಿ ತಾಗಿ ಮದನಂತೇಶ್ವರನ, ಅಂದ್ರೆ ಇಲ್ಲಿಯ ಶಿವನ ಲಿಂಗ ಸಿಕ್ಕಿದ್ದು, ಅವಳ ಹೆಸರಿನಿಂದಲೇ ಮಧೂರು ಆದದ್ದು. ಮಾವ ಕೇಳಿದ್ರು, "ದೇವರನ್ನು ಮೊದಲು ಕಂಡದ್ದು ಅವಳು. ಮತ್ತೆ ಅವಳ ಮಕ್ಕಳು ಮೊಮ್ಮಕ್ಕಳು ಎಷ್ಟು ಕಾಲ ಹೊರಗೆ ನಿಂತ್ರು ಅಮ್ಮ?" ಅಜ್ಜಿಯ ಹತ್ರ ಉತ್ತರ ಇರ್ಲಿಲ್ಲ. ಆದ್ರೆ ಮುಂದಿನ ಸಂಕಷ್ಟಿಯಿಂದ ದೇವರ ನಡೆಯಲ್ಲಿ ನಿಂತು ಮೊದಲು "ಮಾದರು ಅಮ್ಮಾ" ಅಂತ ಹೇಳಿಯೇ ಶಿವನಿಗೆ ಕೈಮುಗಿಯುದು, ಆಮೇಲೆ ಗಣಪತಿಗೆ. ಎಷ್ಟೋ ಪ್ರವಚನ ಕೇಳಿದ್ದೇನೆ ಮಾರಾಯ್ರೆ, ಒಂದರಲ್ಲೂ ನನಗೆ ಇದು ಸಿಗ್ಲಿಲ್ಲ, ಸಿಕ್ಕಿದ್ದು ನಾಸ್ತಿಕನ ಪ್ರಶ್ನೆಯಿಂದ.

ಮಾವನಿಗೆ ಕೇರಳದ ಸಮಾಜ ಸುಧಾರಕ ನಾರಾಯಣ ಗುರುಗಳೆಂದ್ರೆ ಇಷ್ಟ, ಅದೂ ಒಂದು ಚೋದ್ಯ. ಗುರುಗಳು ಒಂದೇ ಜಾತಿ ಒಂದೇ ಮತ ಒಂದೇ ದೇವರು ಅಂದ್ರೆ ಶಿಷ್ಯ ಸಹೋದರನ್ ಅಯ್ಯಪ್ಪನ್ ಜಾತಿ ಬೇಡ ಮತ ಬೇಡ ದೇವರು ಬೇಡ ಅಂದ್ರಂತೆ, ಆದ್ರೂ ಗುರುಗಳು ಅವರನ್ನು ದೂರ ಮಾಡ್ಲಿಲ್ಲ. 1924ರಲ್ಲಿ ಆಲುವಾದಲ್ಲಿ ಸರ್ವಮತ ಸಮ್ಮೇಳನ ಮಾಡಿದಾಗ ವಾದಿಸಿ ಗೆಲ್ಲಲಿಕ್ಕಲ್ಲ, ತಿಳಿಯಲಿಕ್ಕೆ ಮತ್ತು ತಿಳಿಸಲಿಕ್ಕೆ ಅಂತ ಬರೆಸಿದ್ರು. ನಮ್ಮ ಕಡೆಯೂ ಎಂತ ಕಮ್ಮಿ? ರಾಮಾಯಣದ ಜಾಬಾಲಿ ಋಷಿ ರಾಮನ ಎದುರೇ ಪರಲೋಕ ಇಲ್ಲ ಅಂದ, ರಾಮ ಚೆನ್ನಾಗಿ ಬೈದ ನಿಜ, ಆದ್ರೆ ಅಂಥ ಮಾತಾಡುವವನಿಗೂ ದಶರಥನ ಹತ್ರ ಜಾಗ ಇತ್ತಲ್ಲ.

ಈಗ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪ್ ನೋಡಿದ್ರೆ ಬೇಜಾರಾಗ್ತದೆ. ಚೌತಿ ಬಂತು ಅಂದ್ರೆ ಒಬ್ಬ ದೇವರನ್ನು ಹೀಯಾಳಿಸಿ ಮೆಸೇಜ್ ಹಾಕುದು, ಇನ್ನೊಬ್ಬ ಅವನ ಮಕ್ಕಳವರೆಗೆ ಶಾಪ ಹಾಕುದು. ಹಾಗೆ ಶಾಪ ಹಾಕುವವರಲ್ಲಿ ಒಂದಾದ್ರೂ ಸಂಕಷ್ಟಿ ನೆಟ್ಟಗೆ ಹಿಡಿಯುವವರು ಎಷ್ಟು ಜನ, ನಾನು ಹೇಳುದು ಬೇಡ. ಚಂದ್ರ ಎಷ್ಟು ಗಂಟೆಗೆ ಅಂತ ಕೂಡ ಗೊತ್ತಿರುದಿಲ್ಲ.

1992ರಲ್ಲಿ ಅಜ್ಜಿಯನ್ನು ಮೂಡಪ್ಪ ಸೇವೆಗೆ, ಗಣಪತಿಯನ್ನು ಅಪ್ಪದಿಂದಲೇ ಮುಚ್ಚುವ ಆ ಸೇವೆಗೆ, ಕರ್ಕೊಂಡು ಹೋದದ್ದು ಮಾವನೇ. ಮತ್ತೆ ಆ ಸೇವೆ ನಡೆದದ್ದು 2025ರಲ್ಲಿ, ಅಜ್ಜಿ ಇರ್ಲಿಲ್ಲ, ಆ ರಶ್ಶಿನಲ್ಲೂ ಮಾವ ನನ್ನನ್ನು ಬಾಗಿಲವರೆಗೆ ಬಿಟ್ಟು ಹೊರಗೇ ನಿಂತ್ರು.

ಮೊನ್ನೆಯೂ ಬಂದಿದ್ರು. ಎಂಬತ್ತು ದಾಟಿದೆ, ಈಗ ಸೀಟು ಹಿಡಿಯುದು ನಾನು. ಹೊರಗೆ ಬಂದು ಅಪ್ಪ ಕೊಟ್ಟೆ, ತಿಂಡಿ ಅಂತಲೇ ಕೊಟ್ಟೆ. ನಿಧಾನಕ್ಕೆ ಮುರಿದು ತಿಂದ್ರು, ಬೆಲ್ಲದ ಸುದ್ದಿ ಎತ್ಲಿಲ್ಲ. ಕೈ ಒರೆಸಿಕೊಂಡು ನನ್ನ ಚಪ್ಪಲಿ ಮುಂದಕ್ಕೆ ಸರಿಸ್ತಾ ಕೇಳಿದ್ರು,

"ಮಾದರುವನ್ನು ನೆನೆಸಿದ್ಯಾ?"