ಮೈಕ್ರೋವೇವ್ ತಟ್ಟೆಯ ಮೋಟರ್: 21 ವೋಲ್ಟೋ, 30 ವೋಲ್ಟೋ, 230 ವೋಲ್ಟೋ?

ಮೈಕ್ರೋವೇವ್ ಓವನ್‌ನ ಗಾಜಿನ ತಟ್ಟೆ ತಿರುಗದೆ ನಿಂತರೆ ಅನ್ನ ಒಂದು ಕಡೆ ಹೊಗೆಯಾಡುತ್ತದೆ, ಇನ್ನೊಂದು ಕಡೆ ಫ್ರಿಜ್ಜಿನ ತಣ್ಣಗೇ ಉಳಿದಿರುತ್ತದೆ. ಇಂಥ ಹೊತ್ತಿನಲ್ಲಿ ಕೆಟ್ಟಿರುವುದು ಹೆಚ್ಚಾಗಿ ತಟ್ಟೆಯ ಅಡಿಯಲ್ಲಿರುವ ಪುಟ್ಟ ಸಿಂಕ್ರೊನಸ್ ಮೋಟರ್, ಅಂದರೆ ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲೇ ತಿರುಗುವ ಮೋಟರ್. ಬೆಲೆ ಹೆಚ್ಚಿಲ್ಲ, ಬದಲಿಸುವುದೂ ಕಷ್ಟವಲ್ಲ. ಎಡವುವುದು ವೋಲ್ಟೇಜ್‌ನಲ್ಲಿ.

ಇವು 21, 30 ಮತ್ತು 220-240 ವೋಲ್ಟ್‌ಗಳಲ್ಲಿ ಬರುತ್ತವೆ. ಮೂರನ್ನೂ ಪಕ್ಕದಲ್ಲಿಟ್ಟರೆ ಗುರುತೇ ಸಿಗದು: ಸುಮಾರು 5 ಸೆಂ.ಮೀ. ಅಗಲದ ಅದೇ ತಗಡಿನ ಬಿಲ್ಲೆ, ಅದೇ ಎರಡು ಕಿವಿ, ಅದೇ ಎರಡು ಪಿನ್. ಬೆಂಗಳೂರಿನ ಎಸ್‌.ಪಿ. ರೋಡ್‌ನ ಅಂಗಡಿಯವರು "ಎಲ್ಲಾ ಓವನ್‌ಗೂ ಆಗುತ್ತೆ ಸಾರ್" ಅಂದರೆ ಶಾಫ್ಟ್ ಕೂರುತ್ತದೆ ಅಂತ ಅರ್ಥ, ಅಷ್ಟೇ.

ಗೋಡೆಯಲ್ಲಿ 230 ವೋಲ್ಟ್ ಇರುವಾಗ 21 ಎಲ್ಲಿಂದ ಬಂತು? ಅನೇಕ ಮಾಡೆಲ್‌ಗಳಲ್ಲಿ ಮ್ಯಾಗ್ನೆಟ್ರಾನ್ (ಮೈಕ್ರೋವೇವ್ ಹುಟ್ಟಿಸುವ ಭಾಗ) ತಂಪಾಗಿಸುವ ಫ್ಯಾನ್ ಮೋಟರ್‌ನ ತಂತಿ ಸುರುಳಿಯಿಂದಲೇ ಈ ಸಣ್ಣ ವೋಲ್ಟೇಜನ್ನು ಹೊರತೆಗೆದಿರುತ್ತಾರೆ. ಹಾಗಾಗಿ ತಟ್ಟೆಯ ಜೊತೆಗೆ ಫ್ಯಾನ್ ಸದ್ದೂ ನಿಂತಿದ್ದರೆ ತಟ್ಟೆಯ ಮೋಟರ್ ಕೊಳ್ಳಲು ಓಡಬೇಡಿ. ದೋಷ ಮೇಲಿನ ಫ್ಯಾನ್‌ನದೇ ಇರಬಹುದು. ಫ್ಯಾನ್ ನಿಂತ ಓವನ್ನನ್ನು ಬಳಸಲೂ ಬೇಡಿ.

ಈಗ ಬಿಚ್ಚುವ ಕೆಲಸ. ಮೊದಲು ಪ್ಲಗ್ ಕೀಳಿ. ತಟ್ಟೆ, ಚಕ್ರದ ರಿಂಗ್, ನಡುವಿನ ಪ್ಲಾಸ್ಟಿಕ್ ಕಪ್ಲರ್ ಹೊರತೆಗೆದು, ಓವನ್ನನ್ನು ದಪ್ಪ ಬಟ್ಟೆಯ ಮೇಲೆ ಮಗ್ಗುಲಾಗಿ ಮಲಗಿಸಿ. ಮೇಲಿನ ಕವರ್ ಮುಟ್ಟುವ ಅಗತ್ಯವಿಲ್ಲ. ಒಳಗಿನ ಹೈವೋಲ್ಟೇಜ್ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಬಹಳಷ್ಟು ಓವನ್‌ಗಳ ತಳದ ತಗಡಿನಲ್ಲಿ ಮೋಟರ್‌ಗೆ ನೇರವಾಗಿ ಒಂದು ಮುಚ್ಚಳ ಅರ್ಧ ಕತ್ತರಿಸಿದಂತೆ ಇರುತ್ತದೆ, ಸಣ್ಣ ಸಣ್ಣ ತಗಡಿನ ಕೊಂಡಿಗಳು ಅದನ್ನು ಹಿಡಿದಿರುತ್ತವೆ. ಕಟ್ಟರ್‌ನಿಂದ ಕೊಂಡಿಗಳನ್ನು ಕತ್ತರಿಸಿದರೆ ಮೋಟರ್ ಎದುರಿಗೇ ಸಿಗುತ್ತದೆ. ಅಂಚು ಬ್ಲೇಡಿನಷ್ಟು ಹರಿತ, ಗ್ಲೌಸ್ ಇರಲಿ. ಕನೆಕ್ಟರ್ ಕೀಳುವಾಗ ವೈರ್ ಎಳೆಯದೆ ಕನೆಕ್ಟರನ್ನೇ ಹಿಡಿದು ಎಳೆಯಿರಿ.

ಮೋಟರ್ ಬೆನ್ನ ಮೇಲೆ ಅಚ್ಚಾಗಿರುವುದು ಸಾಮಾನ್ಯವಾಗಿ ಹೀಗೆ: ಎಸಿ 21 ವಿ, 50/60 ಹರ್ಟ್ಸ್, 3 ವಾಟ್, 5/6 ಆರ್‌ಪಿಎಂ. ಕೊನೆಯದಕ್ಕೆ ಗೊಂದಲ ಬೇಡ. 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 5 ಸುತ್ತು, 60ರಲ್ಲಿ 6 ಸುತ್ತು. ಭಾರತದಲ್ಲಿ 5 ಸುತ್ತೇ. ವೋಲ್ಟೇಜ್ ಮಾತ್ರ ಅಕ್ಷರಶಃ ಹೊಂದಬೇಕು. ಅಮೆರಿಕದಲ್ಲಿರುವ ಮಗನಿಗೆ ಹೇಳಿ ತರಿಸುವವರು ಇದನ್ನು ಎರಡು ಸಲ ನೋಡಿ, ಅಲ್ಲಿನ ಮನೆ ಕರೆಂಟ್ 120 ವೋಲ್ಟ್, ಆ ವೋಲ್ಟೇಜಿನ ಮೋಟರ್‌ಗಳೂ ಇವೆ.

ಎಣ್ಣೆ, ಶಾಖ ಸೇರಿ ಅಚ್ಚು ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಬೇಕು. ವೈರ್ ಕಿತ್ತ ಮೋಟರ್‌ನ ಎರಡು ಪಿನ್‌ಗಳ ನಡುವೆ ಓಮ್ ಅಳೆಯಿರಿ. ಲೆಕ್ಕ ಸರಳ: ವೋಲ್ಟನ್ನು ವೋಲ್ಟ್‌ನಿಂದಲೇ ಗುಣಿಸಿ ವಾಟ್‌ನಿಂದ ಭಾಗಿಸಿ. 21 ವೋಲ್ಟ್, 3 ವಾಟ್ ಅಂದರೆ 147. 30 ವೋಲ್ಟ್, 3 ವಾಟ್ ಅಂದರೆ 300. 230 ವೋಲ್ಟ್, 4 ವಾಟ್ ಅಂದರೆ 13,000ಕ್ಕೂ ಮೇಲೆ. ಕಾಯಿಲ್‌ನ ಇಂಡಕ್ಟೆನ್ಸ್, ಅಂದರೆ ಎಸಿ ಕರೆಂಟಿಗೆ ಅದು ಒಡ್ಡುವ ಹೆಚ್ಚುವರಿ ತಡೆ, ಮೀಟರ್‌ಗೆ ಕಾಣದ ಕಾರಣ ರೀಡಿಂಗ್ ಇದಕ್ಕಿಂತ ಕಡಿಮೆಯೇ ಬರುತ್ತದೆ. ಸಾವಿರಗಳಲ್ಲಿದ್ದರೆ ಅದು ಮೇನ್ಸ್ ಮೋಟರ್, ನೂರರ ಆಸುಪಾಸಿನಲ್ಲೋ ಕೆಲವು ನೂರುಗಳಲ್ಲೋ ಇದ್ದರೆ 21 ಅಥವಾ 30ರದು. ಈ ಎರಡರ ನಡುವೆ ಓಮ್ ನಂಬಿ ತೀರ್ಮಾನಿಸುವುದು ಸರಿಯಲ್ಲ, ವಾಟ್ ಸ್ವಲ್ಪ ಬದಲಾದರೂ ಲೆಕ್ಕ ಜಾರುತ್ತದೆ. ಓವನ್‌ನ ಹಿಂಬದಿಯ ಸ್ಟಿಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಕೊಟ್ಟು ಸರ್ವಿಸ್ ಸೆಂಟರ್‌ನಲ್ಲಿ ಪಾರ್ಟ್ ಕೇಳುವುದೇ ಮೇಲು.

ಕಾಯಿಲ್ ತುಂಡಾಗಿದ್ದರೆ ಮೀಟರ್ ಏನೂ ತೋರಿಸದು. ಆಗ ಉಳಿಯುವುದು ಆ ಮಾಡೆಲ್ ನಂಬರ್, ಇಲ್ಲವೇ ವೈರ್‌ಗೆ ಬರುವ ವೋಲ್ಟೇಜ್ ಅಳೆಯುವುದು. ಎರಡನೆಯದು ಕರೆಂಟ್ ಕೆಲಸದ ಅಭ್ಯಾಸ ಇದ್ದವರಿಗೆ ಮಾತ್ರ. ಪ್ಲಗ್ ಹಾಕುವ ಮೊದಲೇ ಮೀಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಜೋಡಿಸಿ, ಎಸಿಯ ದೊಡ್ಡ ರೇಂಜ್‌ನಲ್ಲಿಡಿ. ಓವನ್ ಎರಡು ಹಲಗೆಗಳ ಮೇಲೆ ನೆಟ್ಟಗೆ ನಿಂತಿರಲಿ, ಒಳಗೆ ಒಂದು ಲೋಟ ನೀರಿರಲಿ. ಹತ್ತು ಸೆಕೆಂಡ್ ಓಡಿಸಿ, ಕೈ ದೂರವಿಟ್ಟು ಅಂಕಿ ಓದಿ, ಮತ್ತೆ ಪ್ಲಗ್ ಕೀಳಿ. ಲೋಡ್ ಇಲ್ಲದ ಕಾರಣ 21ರ ಬದಲು ಒಂದೆರಡು ವೋಲ್ಟ್ ಹೆಚ್ಚು ಕಂಡರೆ ಸಹಜ. 60, 70 ಅಂತ ಅಡ್ಡಾದಿಡ್ಡಿ ಕುಣಿದರೆ ಅದು ನಿಜವಾದ ಸಪ್ಲೈ ಅಲ್ಲ, ಎಲ್ಲೋ ವೈರ್ ಕಡಿದು ಯಾವುದಕ್ಕೂ ಸೇರದೆ ನಿಂತಿದೆ.

ತಪ್ಪು ಹಾಕಿದರೆ ಏನಾಗುತ್ತದೆ? 230ರ ಮೋಟರ್‌ಗೆ 21 ಕೊಟ್ಟರೆ ಅದು ಅಲುಗುವುದೂ ಇಲ್ಲ, "ಹೊಸದೂ ಕೆಟ್ಟದ್ದೇ" ಎಂದು ಜನ ಅಂಗಡಿಗೆ ವಾಪಸ್ ಒಯ್ಯುತ್ತಾರೆ. 21ರದಕ್ಕೆ 230 ಕೊಟ್ಟರೆ ವೋಲ್ಟೇಜ್ ಹನ್ನೊಂದು ಪಟ್ಟು, ಕಾಯಿಲ್‌ನ ಶಾಖ ನೂರು ಪಟ್ಟಿಗೂ ಹೆಚ್ಚು; ಸುಟ್ಟ ವಾಸನೆಯೇ ಉತ್ತರ ಹೇಳುತ್ತದೆ. ಮೋಸ ಮಾಡುವುದು 21 ಮತ್ತು 30ರ ಅದಲುಬದಲು. 30ರ ಮೋಟರ್ 21ರಲ್ಲಿ ಖಾಲಿ ತಟ್ಟೆಯನ್ನು ಚೆನ್ನಾಗಿಯೇ ತಿರುಗಿಸುತ್ತದೆ, ತುಂಬಿದ ಸಾರಿನ ಪಾತ್ರೆ ಇಟ್ಟೊಡನೆ ಮುಗ್ಗರಿಸುತ್ತದೆ. 21ರ ಮೋಟರ್ 30ರಲ್ಲಿ ದಿನವೂ ಎರಡು ಪಟ್ಟು ಕಾಯುತ್ತದೆ, ಅದರ ಕಾಯಿಲ್‌ಗೂ ಪ್ಲಾಸ್ಟಿಕ್ ಗೇರ್‌ಗಳಿಗೂ ಆಯಸ್ಸು ಕಡಿಮೆ.

ವೋಲ್ಟೇಜ್ ಹೊಂದಿದ ಮೇಲೆ ಶಾಫ್ಟ್ ನೋಡಿ: ಉದ್ದ, ಒಂದು ಬದಿ ಚಪ್ಪಟೆಯಾದ ಅದೇ ಆಕಾರ, ಹಳೆಯ ಕಪ್ಲರ್ ಬಿಗಿಯಾಗಿ ಕೂರುತ್ತದೆಯೇ ಎಂದು. ಹೊಸ ಮೋಟರ್ ಒಮ್ಮೆ ಬಲಕ್ಕೆ, ಇನ್ನೊಮ್ಮೆ ಎಡಕ್ಕೆ ತಿರುಗಿದರೆ ಅದು ದೋಷವಲ್ಲ, ಈ ಬಗೆಯ ಮೋಟರ್‌ಗಳು ಯಾವ ದಿಕ್ಕಿಗೆ ಬೇಕಾದರೂ ಹೊರಡುತ್ತವೆ. ಕತ್ತರಿಸಿದ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿಟ್ಟರೆ ಅನೇಕ ಓವನ್‌ಗಳಲ್ಲಿ ಅದರ ನಾಲಿಗೆ ತಗಡಿನ ಸೀಳಿಗೆ ಸರಿಯಾಗಿ ಕೂರುತ್ತದೆ, ಒಂದು ಸ್ಕ್ರೂ ಹಾಕಿದರೆ ಸಾಕು. ತೆರೆದು ಬಿಟ್ಟರೆ ಜಿರಲೆ ಸಂಸಾರ ಹೂಡುತ್ತದೆ.